ಪೋಡಿನ ಮನೆಯ ಲೆಕ್ಕ

(ಕಲಬುರಗಿಯಲ್ಲಿ ನಮ್ಮ ಓದುಗರ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಬಳಗದವರು ನನಗೆ ಕೊಟ್ಟ ವಿಷಯ ಗುಡ್ಡಗಾಡಿನ ಬುಡಕಟ್ಟು ಮನೆಯಲ್ಲಿ ಅತಿಥಿಯಾಗಿ ಇದ್ದ ಅನುಭವ. ಹೊರಗಿನ ಬ್ಯಾನರ್‌ನಲ್ಲಿ ಮಂಜು, ಕಾಡು, ಕುಣಿಯುವ ಜನ ಎಲ್ಲಾ ಹಾಕಿದ್ದಾರೆ. ಚೆನ್ನಾಗೇ ಇದೆ. ಆದರೆ ನಾನು ಬ್ಯಾಂಕಿನವನು. ಸೇಡಂ ಕಡೆಯವನು. ಯಾರ ಮನೆಗೆ ಹೋದರೂ ಈ ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನೋಡುವ ಚಟ ನನ್ನದು. ಆದ್ದರಿಂದ ಇವತ್ತು ಮಂಜು ಸ್ವಲ್ಪ ಕಮ್ಮಿ, ಲೆಕ್ಕ ಜಾಸ್ತಿ.

ನನಗೆ ಚಾಮರಾಜನಗರಕ್ಕೆ ವರ್ಗವಾದಾಗ ನಮ್ಮ ಓಣಿಯವರೆಲ್ಲ ಮರುಗಿದರು. "ಅಷ್ಟು ದೂರ ಯಾಕ ಒಗದಾರ್ರಿ ನಿಮಗ? ಅಲ್ಲಿ ಹುಲಿ ಅದಾವಂತ" ಅಂದರು. ದೂರ ಅನ್ನೋದು ನಿಜ. ರಾಜ್ಯದ ಈ ತುದಿಯಿಂದ ಆ ತುದಿ. ಹುಲಿ ಇರೋದೂ ನಿಜ. ಅಲ್ಲಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಅನ್ನುವ ಜನ ಇದ್ದಾರೆ. ಈ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ, ಸುತ್ತಲಿನ ಕಾಡಿನಲ್ಲಿ ಇವರ ಊರುಗಳಿವೆ. ಊರಿಗೆ ಅವರು ಪೋಡು ಅನ್ನುತ್ತಾರೆ. ನಮ್ಮ ಬ್ರಾಂಚಿನ ಸಹೋದ್ಯೋಗಿಯೊಬ್ಬರ ಪರಿಚಯದಿಂದ ಒಂದು ಪೋಡಿನ ಮನೆಯವರು ನನಗೆ ಹತ್ತಿರವಾದರು. ಅಲ್ಲಿದ್ದ ವರ್ಷಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಆ ಮನೆಯಲ್ಲಿ ಉಳಿದಿದ್ದೇನೆ. ಪೋಡಿನ ಹೆಸರು, ಮನೆಯವರ ಹೆಸರು ಹೇಳುವುದಿಲ್ಲ. ಅವರ ಲೆಕ್ಕವನ್ನು ಇಲ್ಲಿ ಬಿಚ್ಚಿಡುವಾಗ ಹೆಸರನ್ನಾದರೂ ಅವರಿಗೇ ಬಿಡಬೇಕಲ್ವಾ?

ಮನೆಯಲ್ಲಿ ಒಬ್ಬ ಅಜ್ಜಿ. ಅವರ ಮಗ, ಪೋಡಿನ ಹಿರಿಯರಲ್ಲಿ ಒಬ್ಬರು, ಎಲ್ಲರೂ ಯಜಮಾನ್ರು ಅನ್ನುತ್ತಾರೆ. ಅವರ ಹೆಂಡತಿ, ಮಗ, ಸೊಸೆ, ಆಶ್ರಮ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನನ್ನನ್ನು ಮೊದಲಿಗೆ "ಸಾ" ಅಂತಿದ್ದರು. ಆಮೇಲೆ ಅಣ್ಣ ಆದೆ. ಅಜ್ಜಿಗೆ ಮಾತ್ರ ಕೊನೆಯವರೆಗೂ ನಾನು "ಬ್ಯಾಂಕಿನ ಮಗ".

ಮನೆ ಅಂದರೆ ಸರ್ಕಾರ ಕಟ್ಟಿಸಿದ ಎರಡು ಕೋಣೆ. ಗೋಡೆಗೆ ಸಿಮೆಂಟು, ಮೇಲೆ ಹೆಂಚು. ಆದರೆ ಬದುಕು ನಡೆಯೋದು ಅದರ ಹಿಂದೆ. ಅಲ್ಲಿ ಅವರೇ ಬಿದಿರು ತಡಿಕೆ ಕಟ್ಟಿ, ಮಣ್ಣು ಮೆತ್ತಿ ಒಂದು ಅಡುಗೆಮನೆ ಮಾಡಿಕೊಂಡಿದ್ದಾರೆ. ಒಲೆಯ ಮೇಲೆ ಅಟ್ಟ, ಅದರಲ್ಲಿ ಮುಂದಿನ ವರ್ಷದ ಬೀಜ. ಹೊಗೆ ತಾಗಿದ ಬೀಜಕ್ಕೆ ಹುಳ ಬೀಳುವುದಿಲ್ಲ. ಸರ್ಕಾರದ ಕೋಣೆಯಲ್ಲಿ ಈ ಹೊಗೆಗೆ ಜಾಗವಿಲ್ಲ, ಅದಕ್ಕೇ ಹಿಂದಿನ ಮನೆ. ನಮ್ಮ ಕಡೆ ಆಶ್ರಯ ಮನೆಗಳಲ್ಲೂ ನೋಡಿರುತ್ತೀರಿ. ಮುಂದೆ ಸರ್ಕಾರದ್ದು, ಹಿಂದೆ ನಮ್ಮದು.

ಮೊದಲ ಸಲ ಹೋಗುವಾಗ ಊರಿಂದ ತರಿಸಿದ್ದ ತೊಗರಿಬೇಳೆ ಒಯ್ದಿದ್ದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದನ್ನು ಅಜ್ಜಿಗೆ ದೊಡ್ಡದಾಗಿ ವಿವರಿಸಿದೆ. ಅವರು ಬೇಳೆಯನ್ನು ಅಂಗೈಯಲ್ಲಿ ಹಾಕಿ ನೋಡಿದರು, ಒಂದು ಕಾಳು ಬಾಯಿಗೆ ಹಾಕಿಕೊಂಡರು. "ಬೇಯತ್ತಾ ನೋಡವ" ಅಂದರು, ಅಷ್ಟೇ. ಅವತ್ತು ರಾತ್ರಿ ಆ ಬೇಳೆಗೆ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಬೆರೆಸಿ ಸಾರು ಮಾಡಿದರು. ಜೊತೆಗೆ ರಾಗಿಮುದ್ದೆ. ಜೋಳದ ರೊಟ್ಟಿಯ ಬಾಯಿಗೆ ಮುದ್ದೆ ಇಳಿಯಲ್ಲ ಅಂತ ನಮ್ಮವರು ಹೇಳುವುದು ಸುಳ್ಳು. ಸಾರು ಚೆನ್ನಾಗಿದ್ದರೆ ಎಲ್ಲಾ ಇಳಿಯುತ್ತದೆ.

ರಾತ್ರಿ ಆದ ಮೇಲೆ ಅಲ್ಲಿ ಕೆಲವು ಕಟ್ಟುಪಾಡು ಇವೆ. ಒಬ್ಬರೇ ಹೊರಗೆ ಹೋಗಬಾರದು. ಬಯಲಿಗೆ ಹೋಗಬೇಕಾದರೂ ಮನೆಯವರನ್ನು ಎಬ್ಬಿಸಬೇಕು, ಟಾರ್ಚ್ ಹಿಡಿಯಬೇಕು, ಸ್ವಲ್ಪ ಕೆಮ್ಮುತ್ತಾ ಹೋಗಬೇಕು. ಆನೆಗೆ ಗೊತ್ತಾಗಲಿ ಅಂತ. ಕಾಡಿನ ರಸ್ತೆಯ ಗೇಟು ಸಂಜೆಗೇ ಹಾಕಿಬಿಡುತ್ತಾರೆ. ಆಮೇಲೆ ಕಾಯಿಲೆ ಬಿದ್ದರೂ ಹೆರಿಗೆ ನೋವು ಬಂದರೂ ಮೊದಲು ಗೇಟಿನವರ ಹತ್ತಿರ ಮಾತಾಡಬೇಕು. ನಾವು ಒಂದು ರಾತ್ರಿ ಇದ್ದು ಬರುವವರಿಗೆ ಇದು ರೋಮಾಂಚನ. ಅಲ್ಲಿ ಬಾಣಂತಿತನ ಮಾಡುವವರಿಗೆ ಅಲ್ಲ.

ಆಸ್ಪತ್ರೆ ಅಂದಾಗ ಒಂದು ವಿಷಯ ಹೇಳಲೇಬೇಕು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ. ಆಸ್ಪತ್ರೆ, ಶಾಲೆ ಎರಡೂ ಅಲ್ಲಿಂದ ಬೆಳೆದವು. ಸೋಲಿಗರಲ್ಲಿ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇದೆ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದರೆ ಮಗುವಿಗೆ ಕಾಯಿಲೆ ಕಾಣಿಸುತ್ತದೆ. ನಾನಿದ್ದ ಮನೆಯ ಸೊಸೆಗೆ ಇದೆಲ್ಲಾ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ತನ್ನ ರಕ್ತಪರೀಕ್ಷೆಯ ಕಾರ್ಡನ್ನು ಬ್ಯಾಂಕ್ ಪಾಸ್‌ಬುಕ್ಕಿನ ಒಳಗೇ ಇಟ್ಟಿದ್ದಳು.

ಇನ್ನು ಲೆಕ್ಕಕ್ಕೆ ಬರೋಣ.

ಆ ಮನೆಗೆ ಬರುವ ದುಡ್ಡಿಗೆ ಮುಖ್ಯವಾಗಿ ಮೂರು ದಾರಿ. ದೊಡ್ಡದು ಕಾಫಿ. ಕಾಡಿನ ಜನ ಕಾಫಿ ಬೆಳೆಯುತ್ತಾರಾ ಅಂತ ಇಲ್ಲಿ ಬಹಳ ಜನ ಕೇಳುತ್ತಾರೆ. ಬೆಳೆಯುತ್ತಾರೆ. ಮೊದಲು ಅವರದು ರಾಗಿ, ಅದರ ಜೊತೆಗೇ ಸಾಸಿವೆ, ಅವರೆ, ಕುಂಬಳ, ಜೋಳ. ಒಂದೆರಡು ವರ್ಷ ಒಂದು ಜಾಗ, ಆಮೇಲೆ ಅದನ್ನು ಕಾಡಿಗೆ ಬಿಟ್ಟು ಇನ್ನೊಂದು ಜಾಗ. ಈಗ ಜಾಗ ಬದಲಿಸುವ ಹಾಗಿಲ್ಲ. ಇರುವ ತುಂಡು ಭೂಮಿಯಲ್ಲಿ ರಾಗಿ ಹಾಕಿದರೆ ರಾತ್ರಿಯಿಡೀ ಕಾಯಬೇಕು. ಹಂದಿ ಬರುತ್ತದೆ, ಆನೆ ಬರುತ್ತದೆ. ಕಾಫಿ ಗಿಡಕ್ಕೆ ಆನೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ದೊಡ್ಡ ಮರ ಕಡಿಯದೆ ನೆರಳಿನಲ್ಲೇ ಬೆಳೆಯಬಹುದು. ಹಾಗಾಗಿ ಕಾಫಿ. ಯಜಮಾನ್ರು ಇದನ್ನು ಒಂದೇ ಮಾತಲ್ಲಿ ಮುಗಿಸಿದರು. "ರಾಗಿ ಉಣ್ಣಾಕೆ ಚಂದ ಸಾ, ಕಾಯಾಕಾಗಲ್ಲ."

ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ಯುತ್ತಾರೆ. ತೊಂದರೆ ಅಲ್ಲೇ ಇರೋದು. ಒಣಗಿಸಲು ಕಣ ಇಲ್ಲ, ಇಡಲು ಜಾಗ ಇಲ್ಲ, ಕೈಯಲ್ಲಿ ಕಾಸಿಲ್ಲ. ವ್ಯಾಪಾರಿ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ, ಹಣ್ಣಿನ ದರ ಅವನದೇ. ನಮ್ಮ ತೊಗರಿ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತವಾಗಿ ಒಣಗಿಸಿ, ಹುರಿದು, ಪುಡಿ ಮಾಡಿ ಮಾರುವವರು ಈಗ ಇದ್ದಾರೆ. ಆ ಮನೆಯ ಸೊಸೆ ತನ್ನ ಸಂಘದ ಹೆಂಗಸರ ಜೊತೆ ಸೇರಿ ಸ್ವಲ್ಪ ಮಾಡುತ್ತಿದ್ದಳು.

ಎರಡನೆಯದು ಕಾಡಿನ ಉತ್ಪನ್ನ. ಜೇನು, ನೆಲ್ಲಿಕಾಯಿ, ಅಂಟುವಾಳ, ಸೀಗೆಕಾಯಿ, ಅಳಲೆಕಾಯಿ, ಕಲ್ಲುಹೂವು, ಪೊರಕೆ ಹುಲ್ಲು. ಇವನ್ನು ಲ್ಯಾಂಪ್ಸ್ ಸೊಸೈಟಿಗೆ ಕೊಡುತ್ತಾರೆ. ಇದು ಗಿರಿಜನರದೇ ಸಹಕಾರ ಸಂಘ.

ಜೇನಿನ ಕೆಲಸ ನೋಡಲು ಹೋಗಿದ್ದೆ. ನೋಡಲು ಅಂದರೆ ಕೆಳಗೆ ನಿಂತುಕೊಳ್ಳಲು. ಹೆಜ್ಜೇನು ದೊಡ್ಡ ಮರದ ಎತ್ತರದ ಕೊಂಬೆಗೆ ಕಟ್ಟುತ್ತದೆ. ಒಂದೇ ಮರದಲ್ಲಿ ಎಷ್ಟೋ ಹುಟ್ಟಿ ಇರಬಹುದು. ಕಾಡು ಹೂ ಬಿಟ್ಟಾಗ ಬರುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಹೊರಟುಹೋಗುತ್ತದೆ. ಆ ನಡುವಿನ ಬೇಸಿಗೆಯಲ್ಲಿ, ಕತ್ತಲ ರಾತ್ರಿ ನೋಡಿಕೊಂಡು, ಹಸಿ ಸೊಪ್ಪು ಸುತ್ತಿದ ಪಂಜಿನ ಹೊಗೆ ಹಿಡಿದು ಮೇಲೆ ಹತ್ತುತ್ತಾರೆ. ಬೆಳದಿಂಗಳಲ್ಲಿ ಹತ್ತುವುದಿಲ್ಲ, ಹುಳು ಕಣ್ಣು ಬಿಟ್ಟಿರುತ್ತದೆ ಅನ್ನುತ್ತಾರೆ. ಮೇಲೆ ಹತ್ತಿದವರು ಹುಟ್ಟಿಯನ್ನು ಪೂರ್ತಿ ಕೊಯ್ಯಲಿಲ್ಲ. ಜೇನು ಇರುವ ಭಾಗ ಕೊಯ್ದು, ಮರಿ ಇರುವ ಭಾಗ ಬಿಟ್ಟು ಇಳಿದರು. ಕೆಲವು ಹುಟ್ಟಿ ಮುಟ್ಟಲೇ ಇಲ್ಲ. ನಾನು ಯಾಕೆ ಅಂದೆ. ಯಜಮಾನ್ರ ಮಗ ನಕ್ಕ. "ಎಲ್ಲಾ ಕೊಯ್ದ್ರೆ ಮುಂದಿನ್ ವರ್ಷ ನಿಮ್ ಬ್ಯಾಂಕ್ ಕೊಟ್ಟಾತಾ?" ಅಂದ.

ಈ ಕೆಲಸವೂ ಒಂದು ಕಾಲದಲ್ಲಿ ನಿಂತಿತ್ತು. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1974ರಲ್ಲಿ ಆ ಕಾಡನ್ನು ವನ್ಯಜೀವಿ ಧಾಮ ಮಾಡಿದರು. ಬೇಟೆ ನಿಂತಿತು, ಜಾಗ ಬದಲಿಸಿ ಬೇಸಾಯ ಮಾಡುವುದು ನಿಂತಿತು. ಒಳಗೆ ಅಲ್ಲಲ್ಲಿ ಇದ್ದ ಪೋಡುಗಳನ್ನು ತಂದು ರಸ್ತೆ ಬದಿ, ಕಾಡಂಚಿಗೆ ಕೂಡಿಸಿದರು. ಅಜ್ಜಿ ಹೀಗೆ ಬಂದವರು. ಅವರು ಹುಟ್ಟಿದ ಪೋಡು ಈಗ ಕಾಡು. ದಾರಿಯಲ್ಲಿ ಹೋಗುವಾಗ "ಅಲ್ಲಿ ನಮ್ಮನೆ ಹಲಸು" ಅಂತ ಬೆರಳು ತೋರಿಸುತ್ತಾರೆ. ನಮಗೆ ಬರೀ ಮರ ಕಾಣುತ್ತದೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದಾದ ಕೆಲವು ವರ್ಷಗಳಲ್ಲಿ ಜೇನು, ನೆಲ್ಲಿಕಾಯಿ ಮಾರುವುದಕ್ಕೂ ತಡೆ ಬಿತ್ತು. ಒಂದು ಮನೆಯ ವರಮಾನದಲ್ಲಿ ದೊಡ್ಡ ಪಾಲು ಒಂದೇ ಏಟಿಗೆ ಹೋದರೆ ಏನಾಗುತ್ತದೆ? ಗಂಡಸರು ಕೊಡಗಿಗೆ, ಕೇರಳಕ್ಕೆ, ಎಸ್ಟೇಟ್ ಕೂಲಿಗೆ ಹೋದರು. ನಮ್ಮ ತಾಂಡಾದವರು ಪುಣೆ, ಮುಂಬೈಗೆ ಹೋಗುವ ಹಾಗೆ.

2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಇನ್ನು ಪೂರ್ತಿ ಎಬ್ಬಿಸುತ್ತಾರೆ ಅಂತ ಜನ ಹೆದರಿದರು. ಆದರೆ ಅಷ್ಟರಲ್ಲಿ ಕಾಡಿನಲ್ಲೇ ಬದುಕುವವರ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತ್ತು. ಸೋಲಿಗರ ಸಂಘದವರು, ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಸೇರಿ ಅದಕ್ಕೂ ಮೊದಲಿನಿಂದಲೇ ಒಂದು ಕೆಲಸ ಮಾಡುತ್ತಿದ್ದರು. ಹಿರಿಯರನ್ನು ಕರೆದುಕೊಂಡು ಕಾಡಿನ ಒಳಗೆ ನಡೆದು, ಅವರು ತೋರಿಸಿದ ಜಾಗಗಳನ್ನೆಲ್ಲ ಜಿಪಿಎಸ್‌ನಲ್ಲಿ ಗುರುತು ಮಾಡಿ ನಕ್ಷೆ ಮಾಡುವುದು. ಒಂದೊಂದು ಕುಲಕ್ಕೆ ಕಾಡಿನಲ್ಲಿ ತನ್ನದೇ ಯಲ್ಲೆ ಇರುತ್ತದೆ. ಅದರೊಳಗೆ ದೇವರ ಜಾಗ, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಹೊಳೆ, ಗುಡ್ಡ, ಕಲ್ಲು, ಮರಕ್ಕೆಲ್ಲ ಹೆಸರು. ಈ ನಕ್ಷೆಯ ಕೆಲಸದಲ್ಲಿ ಇದ್ದವರಲ್ಲಿ ಸಿ. ಮಾದೇಗೌಡರೂ ಒಬ್ಬರು. ಸೋಲಿಗರಲ್ಲೇ ಹುಟ್ಟಿ, ಡಾಕ್ಟರೇಟ್ ಪಡೆದವರು.

2011ರಲ್ಲೇ ಆ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಇರುವ ಬುಡಕಟ್ಟಿಗೆ ಹೀಗೆ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ ಮತ್ತೆ ಅವರ ಕೈಗೆ ಬಂತು. ಜನ ಇದ್ದರೆ ಹುಲಿ ಉಳಿಯಲ್ಲ ಅನ್ನುವವರು ಒಂದು ಅಂಕಿ ನೋಡಬೇಕು. ಆ ಕಾಡಿನಲ್ಲಿ 2010ರಲ್ಲಿ 35 ಇದ್ದ ಹುಲಿ 2014ರ ಹೊತ್ತಿಗೆ 68 ಆಗಿವೆ ಎಂದು ವರದಿಯಾಗಿತ್ತು. ಸೋಲಿಗರಿಂದಲೇ ಹುಲಿ ಹೆಚ್ಚಿತು ಅಂತ ನಾನು ಹೇಳಲ್ಲ. ಅವರಿದ್ದಾಗಲೇ ಹೆಚ್ಚಿತು ಅನ್ನೋದು ಸಾಕು.

ಆ ಮನೆಯ ಗೋಡೆಯಲ್ಲಿ ಒಂದು ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ನೇತುಹಾಕಿದ್ದಾರೆ. ಪಕ್ಕದಲ್ಲಿ ಮಾದೇಶ್ವರನ ಫೋಟೋ. ಅದು ಅವರ ಜಮೀನಿನ ಹಕ್ಕುಪತ್ರ. ಗಂಡ ಹೆಂಡತಿ ಇಬ್ಬರ ಹೆಸರೂ ಇದೆ. ಕಾಯ್ದೆಯಲ್ಲೇ ಹಾಗಿದೆ, ಮದುವೆಯಾದವರಿಗೆ ಜಂಟಿ ಹೆಸರಲ್ಲೇ ಕೊಡಬೇಕು. ನಾನು ಇಷ್ಟು ವರ್ಷ ಸರ್ವೀಸಿನಲ್ಲಿ ಸಾವಿರಾರು ಪಹಣಿ ನೋಡಿದ್ದೇನೆ. ಹೆಂಡತಿಯ ಹೆಸರು ಇರುವುದು ಎಷ್ಟು ಕಮ್ಮಿ ಅಂತ ನಿಮಗೆಲ್ಲಾ ಗೊತ್ತು.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಆ ಹಕ್ಕುಪತ್ರ ಮಕ್ಕಳಿಗೆ ಹೋಗುತ್ತದೆ. ಆದರೆ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಅದು ಒಳ್ಳೆಯದೇ. ಇಲ್ಲದಿದ್ದರೆ ಇಷ್ಟೊತ್ತಿಗೆ ಅರ್ಧ ಬೆಟ್ಟ ರೆಸಾರ್ಟ್ ಆಗಿರುತ್ತಿತ್ತು. ಆದರೆ ಇದನ್ನೇ ನೆಪ ಮಾಡಿಕೊಂಡು ಎಷ್ಟೋ ಕಡೆ ಸಾಲದ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. "ಪಹಣಿ ತನ್ನಿ" ಅಂತ ವಾಪಸ್ ಕಳಿಸುತ್ತಾರೆ. ಅಡಮಾನವೇ ಬೇಡದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2025ರ ಜನವರಿಯಿಂದ 2 ಲಕ್ಷಕ್ಕೆ ಏರಿಸಿದೆ. ಒಂದು ಎಕರೆ ಕಾಫಿಗೆ ಬೇಕಾಗುವ ಸಾಲ ಅದರೊಳಗೇ ಬರುತ್ತದೆ. ಕಾನೂನು ಬಿಟ್ಟ ಬಾಗಿಲನ್ನು ಕೌಂಟರಿನಲ್ಲಿ ಮುಚ್ಚಿದರೆ ಆ ಹಣ್ಣೆಲ್ಲ ಮತ್ತೆ ಮುಂಗಡ ಕೊಟ್ಟ ವ್ಯಾಪಾರಿಯ ಲಾರಿಗೇ ಹೋಗುತ್ತದೆ.

ಮೂರನೆಯ ವರಮಾನ ಮಗನದು. ಅವನು ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ಫೈರ್ ವಾಚರ್. ಹಂಗಾಮಿ ಕೆಲಸ. ಬೆಂಕಿ ರೇಖೆ ಬಿಡಿಸುವುದು, ಹೊಗೆ ಕಂಡರೆ ಓಡುವುದು. ಇದರಲ್ಲಿ ಒಂದು ತಮಾಷೆ ಇದೆ. ಅವನ ತಾತ ಅದೇ ಕಾಡಿಗೆ ಬೆಂಕಿ ಹಾಕುತ್ತಿದ್ದವರು.

ತರಗು ಬೆಂಕಿ ಅಂತ ಅವರು ಹೇಳುತ್ತಾರೆ. ಚಳಿ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗ, ಬಿದ್ದ ಎಲೆಗೆ ಸಣ್ಣದಾಗಿ ಬೆಂಕಿ ಕೊಡುವುದು. ಮೊಣಕಾಲುದ್ದದ ಉರಿ ಹಾಗೇ ಹರಿದು ಹೋಗುತ್ತದೆ. ದೊಡ್ಡ ಮರಕ್ಕೆ ಏನೂ ಆಗಲ್ಲ. ಉಣ್ಣೆ ಹುಳು ಸಾಯುತ್ತವೆ, ಕಳೆ ಸಾಯುತ್ತದೆ, ಮಳೆ ಬಿದ್ದ ಕೂಡಲೇ ಎಳೆ ಹುಲ್ಲು. 1974ರ ನಂತರ ಇದು ಅಪರಾಧ. ಆಮೇಲೆ ಏನಾಯಿತು ಅಂತ ಯಜಮಾನ್ರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಎರಡಾಳೆತ್ತರದ ಲಂಟಾನ ಕಳೆ. ಗೋಡೆ ಕಟ್ಟಿದ ಹಾಗೆ. ಅದರೊಳಗೆ ಜಿಂಕೆಯೂ ನುಗ್ಗಲ್ಲ, ಹುಲ್ಲೂ ಹುಟ್ಟಲ್ಲ, ನೆಲ್ಲಿ ಸಸಿಯೂ ಮೇಲೇಳಲ್ಲ. ನೆಲ್ಲಿ ಮರದ ಮೇಲೆ ಅದರ ರಸ ಹೀರಿ ಬೆಳೆಯುವ ಬದನಿಕೆ ಬೇರೆ. ಅವರ ಮಾತಲ್ಲಿ ಉಪ್ಪಿಲು. ಬೆಂಕಿಯ ಹೊಗೆ, ಬಿಸಿ ತಾಗುತ್ತಿದ್ದಾಗ ಇದು ಇಷ್ಟಿರಲಿಲ್ಲ ಅನ್ನುತ್ತಾರೆ.

"ಈಗ ಬೆಂಕಿ ಬಿದ್ರೆ ಏನಾಯ್ತದೆ ಗೊತ್ತಾ ಸಾ? ಇಷ್ಟೂ ಒಣಗಿ ನಿಂತದೆ. ಮರದ ತಲೆಗಂಟ ಉರೀತದೆ. ಆವಾಗ್ಲೇ ಸಣ್ ಬೆಂಕಿ ಆಕಾಕೆ ಬುಟ್ಟಿದ್ರೆ ಈಗ ದೊಡ್ ಬೆಂಕಿ ಆರ್ಸಾಕೆ ನನ್ ಮಗನ್ಗೆ ಸಂಬ್ಳ ಕೊಡಂಗಿರ್ಲಿಲ್ಲ."

ಇಲಾಖೆಯವರ ಮಾತೂ ಕೇಳಿದ್ದೇನೆ. ಸಣ್ಣ ಬೆಂಕಿ ಯಾವಾಗ ದೊಡ್ಡದಾಗುತ್ತದೋ ಹೇಳಲಾಗದು, ಲಂಟಾನ ಇಷ್ಟು ಹಬ್ಬಿರುವಾಗ ಈಗ ಬೆಂಕಿ ಕೊಡುವುದು ಸುಮ್ನೆ ಆಗುವ ಮಾತಲ್ಲ ಅನ್ನುತ್ತಾರೆ. ಈ ಮಾತಿನಲ್ಲೂ ಹುರುಳಿದೆ. ಸಂಶೋಧಕರು ಸೋಲಿಗರ ವಾದವನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ನನ್ನ ತಕರಾರು ಒಂದೇ. 1974ರಲ್ಲಿ ಬೆಂಕಿ ನಿಲ್ಲಿಸುವಾಗ, ತಲೆತಲಾಂತರದಿಂದ ಬೆಂಕಿ ಹಾಕುತ್ತಿದ್ದವರನ್ನು ಕೂರಿಸಿಕೊಂಡು ಯಾಕೆ ಹಾಕುತ್ತೀರಿ ಅಂತ ಒಂದು ಮಾತು ಕೇಳಬಹುದಿತ್ತು. ಈಗ ಅದೇ ಲಂಟಾನ ಕಡ್ಡಿಯಿಂದ ಮಹದೇಶ್ವರ ಬೆಟ್ಟದ ಕಡೆ ಕುರ್ಚಿ, ಬುಟ್ಟಿ ಮಾಡುತ್ತಾರೆ. ಕೂತು ನೋಡಿದ್ದೇನೆ, ಗಟ್ಟಿ ಇದೆ. ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಲಂಟಾನ ಅಲ್ಲ ಅದು.

ಅಂದ ಹಾಗೆ ಏಟ್ರೀ ಸಂಶೋಧಕರು 2022ರಲ್ಲಿ ಒಂದು ಹೊಸ ಕಣಜದ ಜಾತಿಗೆ ಸೋಲಿಗ ಅಂತಲೇ ಹೆಸರಿಟ್ಟರು. ಸೋಲಿಗ ಎಕ್ಯಾರಿನಾಟ. ಇದನ್ನು ಯಜಮಾನ್ರಿಗೆ ಫೋನಿನಲ್ಲಿ ತೋರಿಸಿದೆ. "ಕಚ್ತದಾ?" ಅಂತ ಕೇಳಿದರು.

ಇನ್ನು ಬ್ಯಾನರಿನಲ್ಲಿ ಹಾಕಿರುವ ಕುಣಿತದ ವಿಷಯ. ಅದು ಗೊರುಕನ. ಸುಗ್ಗಿಯಾದ ಮೇಲೆ ರೊಟ್ಟಿ ಹಬ್ಬ ಮಾಡುತ್ತಾರೆ. ಹೊಸ ರಾಗಿಯ ರೊಟ್ಟಿ ಬೆಂಕಿಯಲ್ಲಿ ಸುಟ್ಟು ದೇವರಿಗೆ ಎಡೆ ಇಟ್ಟು, ಎಲ್ಲರಿಗೂ ಹಂಚಿ, ರಾತ್ರಿಯಿಡೀ ಹಾಡಿ ಕುಣಿಯುತ್ತಾರೆ. ಗಂಡಸು ಹೆಂಗಸು ಮಕ್ಕಳು ಎಲ್ಲಾ. ಹಾಡಿನಲ್ಲಿ ಹಕ್ಕಿ, ಪ್ರಾಣಿ, ಮರ ಎಲ್ಲಾ ಬಂದು ಹೋಗುತ್ತವೆ. ರಾಗಿ ಬೆಳೆಯುವುದು ಕಮ್ಮಿಯಾದರೂ ಹಬ್ಬಕ್ಕೆ ಬೇಕಾದಷ್ಟು ರಾಗಿ ಹೇಗಾದರೂ ಹೊಂದಿಸುತ್ತಾರೆ. ನಾನು ಅಲ್ಲಿದ್ದಾಗ ಊರಿಂದ ಬಂದ ಒಬ್ಬರು ಮಧ್ಯರಾತ್ರಿ "ಇನ್ನೊಂದ್ಸಲ ಕುಣೀರಿ, ವಿಡಿಯೋ ಸರಿಯಾಗಿ ಬಂದಿಲ್ಲ" ಅಂದರು. ಯಾರೂ ಬೈಯಲಿಲ್ಲ. ಯಾರೂ ಕುಣಿಯಲೂ ಇಲ್ಲ.

ದೇವರ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಕಥೆ. ಬೆಟ್ಟದ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನಂತೆ. ಹಾಗಾಗಿ ಅವರಿಗೆ ದೇವರು ಭಾವ ಆಗಬೇಕು. ಗುಡಿಯ ಮುಂದೆ ನಿಂತು ನಾವು ಕೈ ಮುಗಿದು ಬೇಡುತ್ತೇವೆ, ಅವರು ಭಾವನ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಾರೆ. ಅಜ್ಜಿಯಂತೂ ಒಮ್ಮೆ ಮಳೆ ತಡವಾದದ್ದಕ್ಕೆ ಗೋಪುರದ ಕಡೆ ನೋಡಿ ಚೆನ್ನಾಗಿ ಬೈದರು. ಕಾಡಿನೊಳಗಿನ ದೊಡ್ಡಸಂಪಿಗೆ ಮರದ ಹತ್ತಿರ ಮಾತ್ರ ಅವರ ದನಿ ತಗ್ಗುತ್ತದೆ. ನೂರಾರು ವರ್ಷದ ಮರ, ಪಕ್ಕದಲ್ಲಿ ಭಾರ್ಗವಿ ಹೊಳೆ. ಅಲ್ಲಿ ಚಪ್ಪಲಿ ಬಿಟ್ಟೇ ಹೋಗಬೇಕು.

ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಒಬ್ಬ ಅಕ್ಕೋರದು. "ಸರ್, ನಾವೂ ಮಕ್ಕಳನ್ನ ಕರಕೊಂಡು ಹೋಗಬೇಕಂದ್ರ ಹ್ಯಾಂಗ? ಎಷ್ಟ್ ಕೊಡಬೇಕು?"

ಹೋಗಬಹುದು. ಆದರೆ ಕಾಡಿನ ಒಳಗಿನ ಪೋಡುಗಳಿಗೆ ಸುಮ್ನೆ ನುಗ್ಗುವ ಹಾಗಿಲ್ಲ. ಇಲಾಖೆಯ ಅನುಮತಿ ಬೇಕು. ಬೆಟ್ಟದ ಗುಡಿಯ ಸುತ್ತಮುತ್ತ, ರಸ್ತೆ ಬದಿಯ ಪೋಡುಗಳಿಗೆ ಹೋಗುವುದು ಸುಲಭ. ಅಲ್ಲೂ ಪರಿಚಯದವರ ಮೂಲಕ ಹೋಗಿ, ಮೊದಲೇ ಹೇಳಿ ಹೋಗಿ. ಕಾಫಿ ಕೊಯ್ಲಿನ ಹೊತ್ತಲ್ಲಿ ಹೋದರೆ ಅವರಿಗೆ ನಿಮ್ಮನ್ನು ನೋಡಿಕೊಳ್ಳಲು ಪುರುಸೊತ್ತು ಇರಲ್ಲ. ಹೋದರೆ ನೀವೂ ಬುಟ್ಟಿ ಹಿಡಿಯಿರಿ. ದುಡ್ಡಿನ ವಿಷಯ ಅಂದರೆ, ಕೊಡಲೇಬೇಕು. ಅತಿಥಿ ದೇವರು ಅಂತ ಅವರು ಅಂದರೂ ನಾವು ತಿನ್ನುವ ಅಕ್ಕಿ ಅವರ ರೇಷನ್ ಅಕ್ಕಿ. ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಮೊಟ್ಟೆ ನಮ್ಮ ತಟ್ಟೆಗೆ ಬಂದರೆ ಅದು ಆ ಮಕ್ಕಳ ಮೊಟ್ಟೆ. ನಾನು ಕೊಟ್ಟಾಗ ಆ ಮನೆಯ ಸೊಸೆ "ದುಡ್ಡು ಬ್ಯಾಡ ಅಣ್ಣ, ಕಾಪಿಪುಡಿ ತಗಳಿ" ಅಂದಳು. ಅವಳು ಹೇಳಿದ ರೇಟಿಗೆ, ಚೌಕಾಸಿ ಮಾಡದೆ ತಗೊಂಡೆ. ಊರಿಗೆ ಬರುವಾಗಲೆಲ್ಲ ಅದನ್ನೇ ಹಂಚುತ್ತಿದ್ದೆ. ಇಲ್ಲಿ ಕುಡಿದವರು ಕೆಲವರು ಈ ಸಭೆಯಲ್ಲೂ ಇದ್ದೀರಿ.

ಎರಡನೆಯದು ಚಿಂಚೋಳಿ ಕಡೆಯ ತಾಂಡಾದ ಒಬ್ಬ ಹುಡುಗನದು. "ಅವರಿಗೆ ಸಿಕ್ಕಿದ್ದು ನಮಗ ಯಾಕ ಸಿಗಲ್ಲರಿ? ನಮ್ಮದೂ ಗುಡ್ಡ, ನಮ್ಮದೂ ಕಾಡು."

ಈ ಪ್ರಶ್ನೆಗೆ ಸಭೆಯಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಬರೆಯುತ್ತೇನೆ.

ಬಿಳಿಗಿರಿಯಲ್ಲಿ ಹಕ್ಕು ಮಾನ್ಯವಾದ 2011ರಲ್ಲೇ ನಮ್ಮ ಚಿಂಚೋಳಿ ಕಾಡು ವನ್ಯಜೀವಿ ಧಾಮವಾಯಿತು. ಅದರೊಳಗೆ, ಅಂಚಿನಲ್ಲಿ ತಾಂಡಾಗಳಿವೆ. ತಾಂಡಾದ ಬಂಜಾರರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಕುಂಚಾವರಂ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಅದೇ ಜನ, ಅದೇ ಮಾತು, ಬೀಗರು ಕೂಡ, ಪರಿಶಿಷ್ಟ ಪಂಗಡ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಈ ಗೆರೆಗೆ ಬೆಲೆ ಇದೆ. ಸೋಲಿಗರ ಹಾಗೆ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿ ಅವರ ಕೈಯಲ್ಲಿತ್ತು ಅಂತ ತೋರಿಸಿದರೆ ಸಾಕು. ಉಳಿದವರು ಅದರ ಜೊತೆಗೆ, ಆ ತಾರೀಖಿಗೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿದ್ದು ಕಾಡನ್ನೇ ನೆಚ್ಚಿ ಬದುಕಿದವರು ಅಂತಲೂ ತೋರಿಸಬೇಕು. ಲೆಕ್ಕ ಹಾಕಿ. 1930. ಆಗ ನಮ್ಮ ಈ ಸೀಮೆ ನಿಜಾಮರದು. ಆ ಕಾಲದ ಕಂದಾಯದ ಕಾಗದ ಉರ್ದುವಿನಲ್ಲಿದೆ. ತಾಂಡಾದ ಮುತ್ಯಾನ ಹೆಸರು ಅದರಲ್ಲಿ ಇರುವುದೇ ಅನುಮಾನ, ಇದ್ದರೂ ಓದುವವರು ಯಾರು?

ಆದರೆ ಒಂದು ವಿಷಯ ತಪ್ಪಾಗಿ ಹಬ್ಬಿದೆ. ಅದೇ ತುಂಡು ಹೊಲವನ್ನು 75 ವರ್ಷ ಉತ್ತಿರಬೇಕು ಅಂತ ಕಾಯ್ದೆ ಹೇಳಲ್ಲ. ಕಾಡಿನಲ್ಲಿ ನಿಮ್ಮವರು ಇದ್ದರು ಅನ್ನೋದಕ್ಕೆ ಆ 75 ವರ್ಷ. ಸಾಕ್ಷಿಗೆ ಸರ್ಕಾರಿ ಕಾಗದ ಒಂದೇ ಆಗಬೇಕು ಅಂತಲೂ ಇಲ್ಲ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷಿ. ಆದರೆ ಆ ಹಿರಿಯರು ಅರ್ಜಿ ಹಾಕಿದವರೇ ಆಗಿರಬಾರದು. ಹಳೆಯ ಬಾವಿ, ಹೂಳಿದ ಜಾಗ, ದೇವರ ಕಟ್ಟೆ, ಕಟ್ಟಿದ ಒಡ್ಡು, ವಂಶಾವಳಿ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಸೋಲಿಗರು ಯಲ್ಲೆಯ ನಕ್ಷೆ ಮಾಡಿದ್ದು ಇದೇ ಥರದ ಕೆಲಸ. ನಿಮ್ಮ ತಾಂಡಾದಲ್ಲಿ ಸೇವಾಲಾಲ್ ಗುಡಿ ಕಟ್ಟುವ ಮೊದಲು ಪೂಜೆ ಮಾಡುತ್ತಿದ್ದ ಮರ ಯಾವುದು, ಹಳೇ ತಾಂಡಾ ಎಲ್ಲಿತ್ತು, ಯಾವ ವರ್ಷದ ಬರದಲ್ಲಿ ಅಲ್ಲಿಂದ ಎದ್ದು ಬಂದರು, ಇದನ್ನೆಲ್ಲ ಹೇಳುವ ಮುದುಕರು ಇನ್ನೂ ಎಷ್ಟು ಜನ ಉಳಿದಿದ್ದಾರೆ?

ಅರ್ಜಿ ಶುರುವಾಗುವುದು ಡಿಸಿ ಆಫೀಸಿನಲ್ಲಿ ಅಲ್ಲ, ಗ್ರಾಮಸಭೆಯಲ್ಲಿ. ಅಲ್ಲಿ ಅರಣ್ಯ ಹಕ್ಕು ಸಮಿತಿ ಮಾಡಬೇಕು. ಅಲ್ಲಿಂದ ಉಪವಿಭಾಗ ಸಮಿತಿ, ಆಮೇಲೆ ಡಿಸಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿ. ತಿರಸ್ಕರಿಸಿದರೆ ಕಾರಣ ಬರೆದುಕೊಡಬೇಕು, ಮೇಲ್ಮನವಿಗೆ ಅವಕಾಶ ಇದೆ. ಆ ಹುಡುಗ ಡಿಗ್ರಿ ಕೊನೆಯ ವರ್ಷದವನು. ಸಭೆ ಮುಗಿದ ಮೇಲೆ ಬಂದು, ಉರ್ದು ಓದುವವರು ಯಾರಾದರೂ ಸಿಗುತ್ತಾರಾ ಅಂತ ಕೇಳಿದ. ಕಲಬುರಗಿಯಲ್ಲಿ ಅದಕ್ಕೇನು ಕೊರತೆ? ಬಳಗದಲ್ಲೇ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಉರ್ದು, ಫಾರಸಿ ಎರಡೂ ಬಲ್ಲವರು. ಇಬ್ಬರನ್ನೂ ಕೂಡಿಸಿದೆ. ಬರುವ ವಾರ ಚಿಂಚೋಳಿ ತಹಸೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಹೋಗುವುದು ಅಂತ ಮಾತಾಗಿದೆ.